ಬೀಗ ಹಾಕಿದ ಬೀಜ

ಕುಲಾಂತರಿ ಬೆಳೆಗಳ ಮಾತು ಬಂದಾಗ ಹಾಸನ ಸೀಮೆಯ ರೈತ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಹತ್ತಿ ಬೆಳೆಯುವ ರಾಯಚೂರು, ಹಾವೇರಿಗಳ ಪಾಡು. ಕಟ್ಟಾಯದ ಕಡೆ ರಾಗಿ, ಆಲೂಗಡ್ಡೆ, ಮುಸುಕಿನ ಜೋಳವಷ್ಟೇ ಎಂಬುದು ಆತನ ಸಮಾಧಾನ. ಹತ್ತಿಯ ಲೆಕ್ಕವನ್ನು ಬಿಡಿಸಿ ನೋಡಿದರೆ ಈ ಸಮಾಧಾನ ಉಳಿಯುವಂಥದ್ದಲ್ಲ.

1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘವು ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಾಯೋಗಿಕ ತಾಕನ್ನು ಸುಟ್ಟಾಗ ಅದನ್ನು ವಿಜ್ಞಾನದ್ವೇಷವೆಂದು ಹೀಗಳೆದವರು ಬಹಳ. ಬೀಜದ ಒಡೆಯ ಯಾರು ಎಂಬ ಸಂಘದ ಪ್ರಶ್ನೆಗೆ ಉತ್ತರವನ್ನೇ ಕೊಡದೆ 2002ರ ಮಾರ್ಚಿನಲ್ಲಿ ಕೇಂದ್ರವು ಬಿಟಿ ಹತ್ತಿಗೆ ಅನುಮತಿ ನೀಡಿತು. 450 ಗ್ರಾಂ ಪೊಟ್ಟಣಕ್ಕೆ ಸುಮಾರು 1,600 ರೂಪಾಯಿ. ಅದರಲ್ಲಿ ಬಹುಪಾಲು ಬೀಜದ ಬೆಲೆಯಲ್ಲ, ವಂಶವಾಹಿಯ ಬಾಡಿಗೆ. ಆಂಧ್ರ ಸರ್ಕಾರವು ಏಕಸ್ವಾಮ್ಯ ನಿಯಂತ್ರಣ ಆಯೋಗದ ಮೆಟ್ಟಿಲು ಹತ್ತಿದ ಮೇಲೆ, 2006ರಲ್ಲಿ, ಬೆಲೆ 750ಕ್ಕೆ ಇಳಿಯಿತು. ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿಯೂ ಯಾವ ಕಂಪನಿಯೂ ಅಂಗಡಿ ಮುಚ್ಚಲಿಲ್ಲ! 2020ರಲ್ಲಿ ಆ ಬಾಡಿಗೆಯನ್ನೇ ಕೇಂದ್ರವು ಸೊನ್ನೆಗೆ ಇಳಿಸಿತು.

ಬೆಲೆ ಇಳಿದರೂ ಬೀಗ ತೆರೆಯಲಿಲ್ಲ. ಬೀಜವನ್ನು ಉಳಿಸಿಟ್ಟುಕೊಂಡು ಮತ್ತೆ ಬಿತ್ತುವ ಹಕ್ಕನ್ನು 2001ರ ತಳಿ ಸಂರಕ್ಷಣಾ ಕಾಯ್ದೆಯು ರೈತನಿಗೆ ಸ್ಪಷ್ಟವಾಗಿ ಕೊಟ್ಟಿದೆ. ಆದರೆ ಕಂಪನಿಗಳು ಇಲ್ಲಿ ಬಿಟಿ ವಂಶವಾಹಿಯನ್ನು ಸಂಕರ ತಳಿಗಳಲ್ಲಷ್ಟೇ ಸೇರಿಸಿ ಮಾರಿದವು. ಸಂಕರದ ಬೀಜ ಮರುವರ್ಷ ಕಸುವು ಕಳೆದುಕೊಳ್ಳುತ್ತದೆ. ಕಾಯ್ದೆ ಕೊಟ್ಟದ್ದನ್ನು ಹೊಲವೇ ಕಸಿದುಕೊಂಡಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿದಂತೆ ಸರ್ಕಾರಿ ಸಂಸ್ಥೆಗಳು 2009ರಲ್ಲಿ ಬಿಕಾನೇರಿ ನರ್ಮಾ ಎಂಬ ಬಿಟಿ ತಳಿಯನ್ನು ಹೊರತಂದದ್ದು, ರೈತನೇ ಬೀಜ ಇಟ್ಟುಕೊಳ್ಳಲಿ ಎಂದು. ಅದರಲ್ಲಿ ಕಂಪನಿಯದೇ ವಂಶವಾಹಿ ಪತ್ತೆಯಾಗಿ ಬೀಜೋತ್ಪಾದನೆ ನಿಂತುಹೋಯಿತು. ಈ ನಾಚಿಕೆಗೇಡಿನ ಪ್ರಸಂಗವನ್ನು ಇಂದು ನೆನೆಯುವವರೂ ಕಡಿಮೆ.

ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಕಡಿಮೆಯಾದದ್ದು ನಿಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ 2010ರ ಹೊತ್ತಿಗೇ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲ ಬಿಟಿಗೆ ಬಗ್ಗುತ್ತಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಮುಂದೆ ಎರಡನೆಯದಕ್ಕೂ ಬಗ್ಗಲಿಲ್ಲ. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೇಶವ ಕ್ರಾಂತಿಯವರು ಗ್ಲೆನ್ ಸ್ಟೋನ್ ಜೊತೆಗೂಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತಿ ರೈತರು ಕೀಟನಾಶಕಕ್ಕೆ ಬಿಟಿ ಬರುವ ಮುನ್ನ ಮಾಡುತ್ತಿದ್ದುದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದ್ದಾರೆ. ಬೀಜದ ಸಾಲ, ಗೊಬ್ಬರದ ಸಾಲ, ಔಷಧಿಯ ಸಾಲ ಮೂರೂ ಒಂದೇ ಅಂಗಡಿಯ ಪುಸ್ತಕದಲ್ಲಿರುವಾಗ ಫಸಲಿನ ಬೆಲೆಯನ್ನು ರೈತ ಯಾವ ಬಾಯಿಂದ ಕೇಳಿಯಾನು?

ಇನ್ನು ಹಾಸನದ ಮಾತು. ಇಲ್ಲಿನ ಮುಂಗಾರು ಆಲೂಗಡ್ಡೆಯ ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರಬೇಕು. ಲಾರಿ ತಡವಾದರೆ ಹದ ತಪ್ಪಿತು; ಗಡ್ಡೆ ಕೊಳೆತಿದ್ದರೆ ಗದ್ದಲವೆದ್ದೀತೇ ಹೊರತು ಹೋದ ಹದ ಮರಳಿ ಬಾರದು. ಅಂಗಮಾರಿ ಹೊಡೆದ ವರ್ಷ ಬಿತ್ತನೆಗಡ್ಡೆಯ ಸಾಲವಷ್ಟೇ ಮನೆಗೆ ಬರುತ್ತದೆ. ಬೀಜ ಪರರ ಕೈಯಲ್ಲಿರುವುದೆಂದರೇನು ಎಂಬುದನ್ನು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಹೊಲದ ರಾಗಿಯ ಕಥೆ ಬೇರೆ. ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿಗಳೂ ವಿಜ್ಞಾನದ ಫಲವೇ. ಇಳುವರಿ ಏರಿತು, ಆದರೂ ಬೀಜವನ್ನು ರೈತರೇ ತೆಗೆದಿಟ್ಟುಕೊಂಡರು, ನೆರೆಮನೆಗೂ ಸೇರಿನಲ್ಲಿ ಅಳೆದು ಕೊಟ್ಟರು. ಕುಲಾಂತರಿಯನ್ನು ಪ್ರಶ್ನಿಸುವವರನ್ನು ವಿಜ್ಞಾನದ್ವೇಷಿಗಳೆನ್ನುವ ಮಹನೀಯರು ಇದಕ್ಕೆ ಏನೆನ್ನುತ್ತಾರೆ?

ಇಂಥ ರಾಗಿಯ ಪಕ್ಕದಲ್ಲೇ ಇಂದು ಮುಸುಕಿನ ಜೋಳ ಬೆಳೆಯುತ್ತಿದೆ, ಅದೂ ವರ್ಷವರ್ಷ ಕೊಳ್ಳಬೇಕಾದ ಸಂಕರ ತಳಿ. 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳು ದೇಶದಲ್ಲೇ ಮೊದಲು ಕಾಣಿಸಿಕೊಂಡದ್ದು ಶಿವಮೊಗ್ಗದ ಜೋಳದಲ್ಲಿ. ಅದಕ್ಕೆ ಬಿಟಿ ಜೋಳವೇ ಮದ್ದೆಂಬ ವಾದ ಆಗಲೇ ಎದ್ದಿದೆ. ಬೇಸಾಯದ ಅನುಮತಿ ಮಾತ್ರ ಇನ್ನೂ ದೊರೆತಿಲ್ಲ. ದೊರೆಯುವ ಮುನ್ನವೇ ಕಟ್ಟಾಯ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಗ್ರಾಮಸಭೆಗಳು ಕೃಷಿ ಇಲಾಖೆಯ ಮುಂದೆ ಎರಡು ಪ್ರಶ್ನೆಗಳನ್ನು ಬರಹದಲ್ಲಿ ಇಡಬೇಕು: ಆ ಬೀಜವನ್ನು ಮರುವರ್ಷ ಬಿತ್ತಬಹುದೇ? ಹುಳು ಅದಕ್ಕೆ ಬಗ್ಗದ ವರ್ಷ ನಷ್ಟ ತುಂಬಿಕೊಡುವವರು ಯಾರು?