ಬೀಗದಕೈ ಅಂಗಡಿ ಬಾಗಿಲಿಗಿರಲಿ!

ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಹತ್ತು ಜನ ಮುತ್ತಿಕೊಳ್ಳುತ್ತಾರೆ. "ಬೀಗದಕೈ ಕೊಡಿ ಸ್ವಾಮಿ, ಕಬ್ಬಿಣ ಹಿಡಿಸಿ" ಅಂತ ಒಂದೇ ಕೂಗು.

ಈ ರೋಗವನ್ನು ನಮ್ಮ ಸೀಮೆಯಲ್ಲೇ ಅಭ್ಯಾಸ ಮಾಡಿದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆಯ ಬಗ್ಗೆ 1968ರಲ್ಲೇ ಬರೆದರು. 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಅಂಥ 279 ರೋಗಿಗಳ ವರದಿ ಪ್ರಕಟಿಸಿದರು. ಹೊರದೇಶದ ವೈದ್ಯರೂ ಈ ವಿಷಯ ಬರೆಯುವಾಗ ಇವರ ಹೆಸರು ಹೇಳುತ್ತಾರೆ.

ಯಳಂದೂರಿನಲ್ಲಿ ಮಣಿಯವರ ತಂಡ ಮನೆಮನೆ ತಿರುಗಿ, 135 ರೋಗಿಗಳಿಗೆ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿತು. ಬಹಳ ಮಂದಿಗೆ ರೋಗ ಹತೋಟಿಗೆ ಬಂತು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಅಚ್ಚು ಹಾಕಿತು.

ಲಂಡನ್ನಿಗೆ ಮುಟ್ಟಿದ ಸುದ್ದಿ ಇಲ್ಲಿನ ಬಸ್ ಸ್ಟ್ಯಾಂಡಿಗೆ ಯಾಕೆ ಮುಟ್ಟಲಿಲ್ಲ? ಪಂಡಿತರು ಎಷ್ಟು ಸಲ ಹೆಸರೆತ್ತಿದರೇನು, ರೋಗಿ ಮಾತ್ರೆ ನುಂಗದಿದ್ದರೆ? ಪ್ರತಿ ಆರೋಗ್ಯ ಕೇಂದ್ರದಲ್ಲೂ ಆ ಮಾತ್ರೆ ತಪ್ಪದೆ ಸಿಗುವಂತೆ ಅಧಿಕಾರಿಗಳು ನೋಡಿಕೊಳ್ಳಲಿ.

ಜನರೂ ಅಷ್ಟೆ. ಬಿದ್ದವರನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಸಾಗಿಸಿ. ಬೀಗದಕೈ ಅಂಗಡಿ ಬಾಗಿಲು ತೆಗೆಯೋಕೆ ಮಾತ್ರ!