ಸಮತೋಲನದ ಗಡಿಯಾರಕ್ಕೆ ಯಾವ ಮರ?

ಒಂದೇ ಮೊನೆಯ ಮೇಲೆ ನಿಂತು ತೂಗುವ ಮರದ ಗಡಿಯಾರ ಸೋಜಿಗ ಹುಟ್ಟಿಸುತ್ತದೆ. ಅದರ ಗುಟ್ಟು ಸರಳ. ಫಲಕದಿಂದ ಬಾಗಿದ ತೋಳೊಂದನ್ನು ಕೆಳಕ್ಕಿಳಿಸಿ ತುದಿಗೆ ಭಾರ ಕಟ್ಟಿದರೆ, ಒಟ್ಟು ರಚನೆಯ ಗುರುತ್ವಕೇಂದ್ರ ಆಧಾರಬಿಂದುವಿಗಿಂತ ಕೆಳಗೆ ಬರುತ್ತದೆ. ಆಗ ಮೆಲ್ಲನೆ ಅಲುಗಿಸಿದರೂ ಗಡಿಯಾರ ತನ್ನ ಸ್ಥಿತಿಗೆ ಮರಳುತ್ತದೆ. ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಕೂರಿಸಿದ ಬಳಿಕವೇ ಭಾರವನ್ನು ಹೊಂದಿಸಬೇಕು.

ವಿದ್ಯಾರ್ಥಿಗಳು ಅಗತ್ಯವಾಗಿ ಕಲಿಯಬಹುದಾದ ಕಸುಬಿದು. ಆದರೆ ಅಲಂಕಾರದ ವಸ್ತುವೆಂದೊಡನೆ ಬೀಟೆಯನ್ನೇ ಅರಸುವ ಹಂಬಲವನ್ನು ಮಲೆನಾಡು ಬಿಡಬೇಕಾಗಿದೆ. ನಿಧಾನವಾಗಿ ಬೆಳೆಯುವ ಬೀಟೆ ಬಲಿಯಲು ತಲೆಮಾರುಗಳೇ ಬೇಕು. ಅಳಿವಿನ ಭೀತಿ ಎದುರಿಸುತ್ತಿರುವ ಈ ಮರದ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

ಒಂದು ಗಡಿಯಾರಕ್ಕೆ ಬೇಕಾಗುವುದು ಅಂಗೈಯಗಲದ ಹಲಗೆ, ಒಂದು ತೋಳು. ಬಡಗಿಯ ಕೊಟ್ಟಿಗೆಯಲ್ಲಿ ಉಳಿದ ಹಲಸಿನ ತುಂಡು, ಕಾಫಿ ತೋಟದಲ್ಲಿ ಕಡಿದ ಸಿಲ್ವರ್ ಓಕ್, ನೆಡುತೋಪಿನ ಅಕೇಶಿಯ ಇದಕ್ಕೆ ಧಾರಾಳವಾಗಿ ಸಾಕು. ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್ 1713ರಲ್ಲಿ ಗಡಿಯಾರದ ಚಕ್ರಗಳನ್ನು ರೂಪಿಸಿದ್ದು ತನ್ನ ನಾಡಿನ ಸಾಮಾನ್ಯ ಓಕ್ ಮರದಿಂದಲೇ.

ಮರದ ಜಾತಿಗಿಂತ ಅದರ ಒಣಗುವಿಕೆ ಮುಖ್ಯ. ಹಸಿ ಮರ ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ತೂಕ ತಗ್ಗಿ ಹೊಂದಿಸಿದ ಸಮತೋಲನವೂ ಕೆಡುತ್ತದೆ. ಮುಂಗಾರಿನಲ್ಲಿ ಅದೇ ಮರ ತೇವ ಹೀರಿ ಉಬ್ಬುತ್ತದೆ. ಆದುದರಿಂದ ಹಲಗೆಗಳನ್ನು ನೆರಳಿನಲ್ಲಿ, ಗಾಳಿಯಾಡುವಂತೆ ಪೇರಿಸಿ ಚೆನ್ನಾಗಿ ಒಣಗಿಸಿ, ಎಲ್ಲ ಮೈಗೂ ಸಮನಾಗಿ ವಾರ್ನಿಷ್ ಬಳಿಯಬೇಕು.

ಕಾಡಿನ ಸಮತೋಲನವನ್ನು ಕೆಡಿಸಿ ಮೇಜಿನ ಮೇಲೆ ಸಮತೋಲನ ಮೆರೆಸುವುದರಲ್ಲಿ ಅರ್ಥವಿಲ್ಲ. ಕುಶಲತೆ ಕೈಯಲ್ಲಿದ್ದರೆ ಹಲಸಿನ ಹಳದಿಯೂ ಬೀಟೆಯ ಕಪ್ಪಿನಷ್ಟೇ ಚೆಲುವು.