‘ಇತರೆ’ ಎಂಬ ಚೌಕದೊಳಗೆ ಶಿಲ್ಪಕರ್ಮ

ಉನ್ನತ ವ್ಯಾಸಂಗಕ್ಕೆಂದು ಸಮಾಜದ ದತ್ತಿನಿಧಿಗಳು ನೀಡುವ ಸಾಲ-ವಿದ್ಯಾರ್ಥಿವೇತನದ ಅರ್ಜಿ ನಮೂನೆಯನ್ನು ಹಿರಿಯರು ಒಮ್ಮೆಯಾದರೂ ಗಮನವಿಟ್ಟು ಓದಬೇಕು. ವೈದ್ಯಕೀಯ, ಎಂಜಿನಿಯರಿಂಗ್, ವ್ಯವಹಾರ ನಿರ್ವಹಣೆ, ಲೆಕ್ಕಪರಿಶೋಧನೆ, ಕಂಪ್ಯೂಟರ್ ವಿಜ್ಞಾನ ಎಂದು ಸಾಲಾಗಿ ಚೌಕಗಳು. ಕೊನೆಯಲ್ಲೊಂದು ಚೌಕ: ‘ಇತರೆ’. ಮುಂಬಯಿಯ ಉಪನಗರವೊಂದರಲ್ಲಿ ಎರಡು ತಲೆಮಾರಿನಿಂದ ನೆಲೆಸಿರುವ ಕನ್ನಡ ದಿಗಂಬರ ಕುಟುಂಬದ ಹೆಣ್ಣುಮಗಳೊಬ್ಬಳು ಈ ಕೊನೆಯ ಚೌಕದಲ್ಲಿ ಗುರುತು ಹಾಕಿದಳು. ನಾಲ್ಕು ವರ್ಷದ ಚಿತ್ರಕಲಾ ಪದವಿ ಮುಗಿಸಿದ್ದಳು. ಲಂಡನ್ನಿನಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶವೂ ದೊರೆತಿತ್ತು. ವಿಶ್ವಸ್ಥ ಮಂಡಳಿಯ ಉತ್ತರ ಒಂದೇ ಸಾಲಿನದು: ಉದ್ಯೋಗಾವಕಾಶವುಳ್ಳ ವ್ಯಾಸಂಗಗಳಿಗೆ ಮಾತ್ರ ಆದ್ಯತೆ. ಅದೇ ಸಭೆಯ ಮುಂದಿನ ವಿಷಯ, ಬಸದಿಯ ಸಭಾಂಗಣದ ಗೋಡೆಗೆ ಪಂಚಕಲ್ಯಾಣದ ಚಿತ್ರಗಳನ್ನು ಬರೆಯಿಸುವುದು. ಹೊರರಾಜ್ಯದ ಕಲಾವಿದರ ತಂಡವೊಂದಕ್ಕೆ ಮುಂಗಡ ಮಂಜೂರಾಯಿತು. ಎರಡು ನಿರ್ಣಯಗಳ ನಡುವೆ ಯಾರಿಗೂ ವಿರೋಧಾಭಾಸ ಕಾಣಲಿಲ್ಲ.

ಆದಿಪುರಾಣವನ್ನು ಪ್ರತಿವರ್ಷ ಪ್ರವಚನದಲ್ಲಿ ಕೇಳುವ ಸಮಾಜವಿದು. ಭೋಗಭೂಮಿ ಮುಗಿದು ಕರ್ಮಭೂಮಿ ಆರಂಭವಾದಾಗ ವೃಷಭದೇವನು ಜನರಿಗೆ ಕಲಿಸಿದ ಜೀವನೋಪಾಯಗಳು ಆರು: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಆರನೆಯದೂ ಜೀವನೋಪಾಯವೇ, ಬಿಡುವಿನ ವೇಳೆಯ ಹವ್ಯಾಸವಲ್ಲ. ಮಹಾನಗರಗಳಿಗೆ ವಲಸೆ ಬಂದ ಜೈನರು ಈ ಆರರಲ್ಲಿ ವಾಣಿಜ್ಯವನ್ನೂ, ಅದರ ಲೆಕ್ಕ ಬರೆಯುವ ಮಸಿಯನ್ನೂ ಉಳಿಸಿಕೊಂಡರು; ಶಿಲ್ಪವನ್ನು ಕೂಲಿಗೆ ಕೊಟ್ಟರು. ಅದೇ ಪುರಾಣದಲ್ಲಿ ಆದಿದೇವನಿಗೆ ವೈರಾಗ್ಯ ಹುಟ್ಟುವುದು ತರ್ಕದಿಂದಲ್ಲ, ಉಪದೇಶದಿಂದಲೂ ಅಲ್ಲ. ನೀಲಾಂಜನೆಯ ನೃತ್ಯದ ನಡುವೆ. ಕಲೆಯನ್ನು ‘ಇತರೆ’ ಎನ್ನುವವರು ಆ ಪ್ರಸಂಗವನ್ನು ಯಾವ ಚೌಕದಲ್ಲಿ ಇಡುತ್ತಾರೋ ತಿಳಿಯದು.

ಕಾರ್ಕಳದ ಗೊಮ್ಮಟನ ಪ್ರತಿಷ್ಠೆ 1432ರಲ್ಲಿ, ವೇಣೂರಿನದು 1604ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಧರ್ಮಸ್ಥಳಕ್ಕೆ 39 ಅಡಿಯ ಬಾಹುಬಲಿ ಬೇಕಾದಾಗ ಅದನ್ನು ಕಡೆದವರು ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು. ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅಷ್ಟು ದೊಡ್ಡ ಸಮಾಜದೊಳಗೆ ಅಂಥ ಕೈ ಒಂದೂ ಸಿದ್ಧವಾಗಿರಲಿಲ್ಲವೇಕೆ ಎಂಬ ಪ್ರಶ್ನೆಯನ್ನು ಅಂದೂ ಕೇಳಲಿಲ್ಲ, ಇಂದೂ ಕೇಳುತ್ತಿಲ್ಲ. ಮೂಡುಬಿದಿರೆಯ ಧವಲಾ ತಾಳೆಗರಿಗಳಲ್ಲಿ ಹೊಯ್ಸಳರ ಕಾಲದ ವರ್ಣಚಿತ್ರಗಳಿವೆ. ಶ್ರವಣಬೆಳಗೊಳದ ಮಠದ ಗೋಡೆಗಳಲ್ಲಿ ಚಿತ್ರಗಳಿವೆ. ಚೆನ್ನೈಯಲ್ಲಿರುವ ಓದುಗರಿಗೆ ಕಾಂಚಿಯ ತಿರುಪ್ಪರುತ್ತಿಕುಂಡ್ರಂ ಬಸದಿಯ ಚಾವಣಿ ದೂರವೇನಲ್ಲ. ಇವನ್ನು ಶುಚಿಗೊಳಿಸಿ ಉಳಿಸುವ ಸಂರಕ್ಷಣಾ ವಿದ್ಯೆಯೂ ಚಿತ್ರಕಲೆಯ ನೆರೆಯ ಶಾಖೆಯೇ. ಅದಕ್ಕೂ ಅರ್ಜಿ ಬಂದರೆ ‘ಇತರೆ’.

ಇನ್ನು ಮನೆಯೊಳಗಿನ ಆಕ್ಷೇಪಗಳು. ಮೊದಲನೆಯದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅತ್ತೆಯೋ ದೊಡ್ಡಪ್ಪನೋ ಪಿಸುಮಾತಿನಲ್ಲಿ ದಾಟಿಸುತ್ತಾರೆ: ಅಲ್ಲಿ ಬೆತ್ತಲೆ ದೇಹವನ್ನು ಎದುರಿಗೆ ನಿಲ್ಲಿಸಿಕೊಂಡು ಚಿತ್ರ ಬರೆಯಿಸುತ್ತಾರಂತೆ. ಹೌದು, ಬರೆಯಿಸುತ್ತಾರೆ. ಪಾಶ್ಚಾತ್ಯ ಕಲಾಶಾಲೆಗಳಲ್ಲಿ ಶತಮಾನಗಳಿಂದ ನಡೆದುಬಂದ ಅಭ್ಯಾಸವದು. ಪ್ರತಿ ಮುಂಜಾನೆ ನಿರ್ವಸ್ತ್ರ ಜಿನಬಿಂಬದ ಮುಂದೆ ಕೈಮುಗಿದು ನಿಲ್ಲುವ, ಬೆಟ್ಟದ ಮೇಲಿನ ದಿಗಂಬರ ದೇಹಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಹಾಲಿನ ಅಭಿಷೇಕ ಮಾಡುವ ಸಮಾಜ ಈ ಮಾತಿಗೆ ಬೆಚ್ಚುವುದೆಂದರೆ ಏನು ಹೇಳುವುದು? ದೇಹವನ್ನು ವಿಕಾರವಿಲ್ಲದೆ ನೋಡಬಹುದೆಂದು ಲೋಕಕ್ಕೆ ತೋರಿಸಿದ ಪರಂಪರೆಯೇ ಇದಲ್ಲವೇ?

ಎರಡನೆಯ ಆಕ್ಷೇಪ ಅಹಿಂಸೆಯದು. ಇದು ತಳ್ಳಿಹಾಕುವಂಥದ್ದಲ್ಲ. ತೈಲವರ್ಣದ ಕುಂಚಗಳಿಗೆ ಹಂದಿಯ ಕೂದಲು, ಕ್ಯಾನ್ವಾಸಿನ ಹಳೆಯ ಪದ್ಧತಿಯ ಲೇಪಕ್ಕೆ ಮೊಲದ ಚರ್ಮದ ಅಂಟು, ಉತ್ತಮ ಕಾಗದಗಳಲ್ಲಿ ಹಲವಕ್ಕೆ ಜೆಲಟಿನ್, ಕೆಲವು ಜಲವರ್ಣಗಳಲ್ಲಿ ಜೇನು. ಮಧುತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲೇ ಸೇರಿದೆ. ಆದರೆ ಕೃತಕ ನಾರಿನ ಕುಂಚ, ಅಕ್ರಿಲಿಕ್ ಬಣ್ಣ, ಜೆಲಟಿನ್ ಇಲ್ಲದ ಹತ್ತಿಯ ಕಾಗದ ಇಂದು ಸುಲಭವಾಗಿ ಸಿಗುತ್ತವೆ. ಈ ವಸ್ತುಗಳನ್ನೇ ಪ್ರಶ್ನಿಸುತ್ತ ಕೃತಿ ರಚಿಸುವ ವಿದ್ಯಾರ್ಥಿಗೆ ತನ್ನ ಅರ್ಜಿಯ ಉದ್ದೇಶಪತ್ರದಲ್ಲಿ ಬರೆಯಲು ಸ್ವಂತದ ಮಾತೊಂದು ಸಿಗುತ್ತದೆ. ಆಯ್ಕೆಯಲ್ಲಿ ಅಂಕಪಟ್ಟಿಗಿಂತ ಭಾರ ತೂಗುವುದು ಅರ್ಜಿದಾರರೇ ಆಯ್ದುಕೊಟ್ಟ ಕೃತಿಸಂಪುಟ, ಅದರ ಜೊತೆಗಿನ ಬರಹ, ಕರೆದರೆ ಸಂದರ್ಶನ. ಅಲ್ಲಿ ಕುಳಿತವರು ಅಚ್ಚುಕಟ್ಟನ್ನಷ್ಟೇ ನೋಡುವುದಿಲ್ಲ. ಈ ಕೃತಿ ಇವಳಿಂದಲೇ ಏಕೆ ಬಂತು ಎಂದು ಕೇಳುತ್ತಾರೆ. ಔಷಧ ತಯಾರಿಕೆಗೆ ಓದುವ ಮಗನಿಗೆ ಪ್ರಾಣಿಪ್ರಯೋಗದ ಬಗ್ಗೆ ಈ ಮನೆಗಳಲ್ಲಿ ಎಂದಾದರೂ ಪ್ರಶ್ನೆ ಬಂದಿದೆಯೇ?

ಮೂರನೆಯದು ಕಾನೂನಿನ ನೆಪ. ವಿದೇಶಕ್ಕೆ ಹಣ ಕೊಟ್ಟರೆ ದತ್ತಿಯ ತೆರಿಗೆ ವಿನಾಯಿತಿ ಹೋಗುತ್ತದೆ ಎಂದು ಕಾರ್ಯದರ್ಶಿಗಳು ಗಂಭೀರವಾಗಿ ಹೇಳುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯ 11ನೆಯ ಕಲಮು ಭಾರತದ ಹೊರಗೆ ವಿನಿಯೋಗವಾದ ಆದಾಯಕ್ಕೆ ವಿನಾಯಿತಿಯನ್ನು ನಿರ್ಬಂಧಿಸಿದ್ದು ನಿಜ. ಆದರೆ ಭಾರತದಲ್ಲಿರುವ ವಿದ್ಯಾರ್ಥಿಗೆ ಭಾರತದಲ್ಲೇ ಕೊಟ್ಟ ನೆರವು, ಅವನು ಹೊರಗೆ ಓದಿದರೂ, ಭಾರತದೊಳಗಿನ ವಿನಿಯೋಗವೇ ಎಂದು ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಹೇಳಿದೆ. ವಿದ್ಯಾರ್ಥಿಗೆ ಕೊಟ್ಟ ಸಾಲವೂ ದತ್ತಿಯ ಆದಾಯದ ವಿನಿಯೋಗವೆಂದೇ ಗಣ್ಯ, ಮರುಪಾವತಿಯಾದಾಗ ಅದು ಆ ವರ್ಷದ ಆದಾಯ ಎಂದು 1973ರ ಜನವರಿಯ 100ನೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಅನುಮೋದಿತ ದತ್ತಿಸಂಸ್ಥೆಯಿಂದ ಪಡೆದ ವಿದ್ಯಾಸಾಲದ ಬಡ್ಡಿಗೂ 80-ಇ ಕಲಮಿನ ಕಡಿತ ಬ್ಯಾಂಕಿನ ಸಾಲಕ್ಕಿದ್ದಂತೆಯೇ ಇತ್ತು, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ಎಂಟು ವರ್ಷ. ಇಷ್ಟೆಲ್ಲ ಬೇಡ: ಅದೇ ನಿಧಿ ಅಮೆರಿಕದ ವ್ಯವಹಾರ ನಿರ್ವಹಣಾ ಶಾಲೆಗೆ ಹೊರಟ ಹುಡುಗನಿಗೆ ಸಾಲ ಕೊಟ್ಟಾಗ ಹೋಗದ ವಿನಾಯಿತಿ ಚಿತ್ರಕಲೆಯ ಹುಡುಗಿಗೆ ಕೊಟ್ಟಾಗ ಮಾತ್ರ ಹೋಗುವುದು ಹೇಗೆ?

ನಿಧಿಯ ಬಾಗಿಲು ಮುಚ್ಚಿದಾಗ ಕುಟುಂಬಗಳು ಹಿಡಿಯುವ ದಾರಿ ಇದಕ್ಕಿಂತ ಕಳವಳಕಾರಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಹಣ ಅರ್ಜಿದಾರರ ಅಥವಾ ತಂದೆತಾಯಿಯ ಖಾತೆಯಲ್ಲಿ ಸತತ 28 ದಿನ ಇರಬೇಕು. ಸೋದರಮಾವನ ಖಾತೆ ನಡೆಯದು. ಹೀಗಾಗಿ ಮಾವನ ಹಣ ಅಪ್ಪನ ಖಾತೆಗೆ ಒಂದು ತಿಂಗಳ ಅತಿಥಿಯಾಗಿ ಬಂದು, ಇಪ್ಪತ್ತೊಂಬತ್ತನೆಯ ದಿನ ಹಿಂದಿರುಗುತ್ತದೆ. ಅದರ ಜೊತೆಗೆ ಆಸ್ತಿಮೌಲ್ಯದ ಪ್ರಮಾಣಪತ್ರ. ಊರಿನ ಅವಿಭಕ್ತ ಜಮೀನು, ತಮ್ಮಂದಿರ ಪಾಲೂ ಸೇರಿ, ಒಬ್ಬನದೇ ಆಸ್ತಿಯಾಗುತ್ತದೆ. ಅಜ್ಜಿಯ ಚಿನ್ನ ಎರಡು ಮನೆಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸಹಿ ಹಾಕುವ ಲೆಕ್ಕಪರಿಶೋಧಕರೂ ಹಲವೊಮ್ಮೆ ಸಾಧರ್ಮಿಗಳೇ. 2019ರ ಫೆಬ್ರವರಿಯಿಂದ ಇಂಥ ಪ್ರತಿ ಪ್ರಮಾಣಪತ್ರಕ್ಕೂ ವಿಶಿಷ್ಟ ಗುರುತುಸಂಖ್ಯೆ ಕಡ್ಡಾಯವಾಗಿದೆ. ಸಂಖ್ಯೆಯಿಂದ ಪತ್ರ ಅಸಲಿಯೆಂದು ತಿಳಿಯುತ್ತದೆಯೇ ಹೊರತು ಒಳಗಿನ ಅಂಕಿ ನಿಜವೆಂದಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ‘ಕೂಟಲೇಖಕ್ರಿಯೆ’ ಎಂಬ ಹೆಸರನ್ನೇ ಕೊಟ್ಟಿದೆ. ರಾತ್ರಿಭೋಜನದಲ್ಲಿ ಕಟ್ಟುನಿಟ್ಟಾಗಿರುವವರು ಮಧ್ಯಾಹ್ನದ ಸುಳ್ಳುಲೆಕ್ಕದಲ್ಲಿ ಉದಾರಿಗಳಾಗಬಾರದು. ಸಮಾಜವೇ ನೇರವಾಗಿ, ಕಾಗದಪತ್ರ ಮಾಡಿ ಸಾಲ ಕೊಟ್ಟಿದ್ದರೆ ಈ ನಾಟಕದ ಅಗತ್ಯವಾದರೂ ಏನಿತ್ತು?

ಪಾಲಕರನ್ನೂ ಸುಮ್ಮನೆ ಬಿಡುವಂತಿಲ್ಲ. ಮಗಳ ಕಲೆಯ ಬಗ್ಗೆ ನಾಲ್ಕು ವರ್ಷ ವಿಚಾರಿಸದವರು ಕೊನೆಗೆ ಸಲಹಾ ಏಜೆಂಟರ ಕಚೇರಿಯಲ್ಲಿ ಕೂತು, ಆತ ತೋರಿಸಿದ ಮೂರು ಹೆಸರುಗಳಲ್ಲಿ ಒಂದನ್ನು ಆರಿಸುತ್ತಾರೆ. ಏಜೆಂಟರ ಆದಾಯದ ದೊಡ್ಡ ಪಾಲು ವಿಶ್ವವಿದ್ಯಾಲಯಗಳು ಕೊಡುವ ದಲ್ಲಾಳಿಯಿಂದ ಬರುತ್ತದೆಂಬುದು ವ್ಯಾಪಾರಿ ಸಮಾಜಕ್ಕೆ ಬಿಡಿಸಿ ಹೇಳಬೇಕಾದದ್ದಲ್ಲ. ಜರ್ಮನಿಯ ಸರಕಾರಿ ಕಲಾ ಅಕಾಡೆಮಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ಪ್ರಾಂತ 2017ರಿಂದ ಹೊರದೇಶದವರಿಗೆ ಪ್ರತಿ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತದೆ, ಅಷ್ಟೆ. ಶುಲ್ಕವಿಲ್ಲದಲ್ಲಿ ದಲ್ಲಾಳಿಯೂ ಇಲ್ಲ. ಆದ್ದರಿಂದ ಡ್ಯುಸೆಲ್‌ಡಾರ್ಫಿನ ಹೆಸರು ಆ ಮೇಜಿನ ಮೇಲೆ ಬರುವುದಿಲ್ಲ. ದಾರಿ ಸುಲಭವೆಂದಲ್ಲ. ಜರ್ಮನ್ ಭಾಷೆ ಕಲಿಯಬೇಕು, ಕೃತಿಸಂಪುಟ ಸಲ್ಲಿಸಿ ಆಯ್ಕೆಯಾಗಬೇಕು, 2022ರ ನವೆಂಬರಿನಿಂದ ಭಾರತೀಯರಿಗೆ ಕಡ್ಡಾಯವಾದ ಎಪಿಎಸ್ ದೃಢೀಕರಣ ಪಡೆಯಬೇಕು, ಜೀವನವೆಚ್ಚಕ್ಕೆಂದು ನಿರ್ಬಂಧಿತ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು (2024ರ ಸೆಪ್ಟೆಂಬರಿನಿಂದ ಇರುವ ಮೊತ್ತ ಇದು). ಆದರೂ ಮನೆ ಅಡವಿಡುವ ಪ್ರಸಂಗ ಬಾರದು. ಇನ್ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ, ಬ್ರಿಟನ್ನಿಗೆ ಹೋಗುವವರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್, ಇವು ಕಲೆಗೆ ನೆರವಾಗುತ್ತ ಬಂದಿವೆ. ಸಾಧರ್ಮಿಗಳು ಕೊಡದ್ದನ್ನು ಅಪರಿಚಿತರು ಕೊಡುತ್ತಿದ್ದಾರೆ.

ಅಪಾಯ ಇಲ್ಲವೆಂದು ಯಾರೂ ವಾದಿಸಬಾರದು. ಅಮೆರಿಕದಲ್ಲಿ ಪದವಿಯ ನಂತರದ ಕೆಲಸದ ಅನುಮತಿ ಹನ್ನೆರಡು ತಿಂಗಳು. ವಿಜ್ಞಾನ-ತಂತ್ರಜ್ಞಾನದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಚಿತ್ರಕಲೆಯವರಿಗಿಲ್ಲ. ಡಾಲರಿನ ಸಾಲವನ್ನು ರೂಪಾಯಿಯ ಗಳಿಕೆಯಿಂದ ತೀರಿಸಬೇಕಾದೀತು. ಅದಕ್ಕಾಗಿಯೇ ಬ್ಯಾಂಕಿನ ಸಾಲಕ್ಕಿಂತ ಸಮಾಜದ ಬಡ್ಡಿರಹಿತ, ದೀರ್ಘಾವಧಿಯ ಸಾಲ ಕಲಾವಿದ್ಯಾರ್ಥಿಗೆ ಹೆಚ್ಚು ಅಗತ್ಯ. ಕೂಡಲೇ ಲಕ್ಷಗಟ್ಟಲೆ ಸಂಬಳ ಪಡೆಯುವವನಿಗೆ ಬ್ಯಾಂಕು ತಾನಾಗಿಯೇ ಕೊಡುತ್ತದೆ. ದತ್ತಿಯೂ ಅವನಿಗೇ ಕೊಟ್ಟರೆ ಅದು ಬ್ಯಾಂಕಿನ ಶಾಖೆಯಾದೀತೇ ಹೊರತು ದತ್ತಿಯಾಗದು.

ರಾಜಕೀಯದ ಮಾತೂ ಇಲ್ಲಿ ಅನಿವಾರ್ಯ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತಾಗ ಎಲ್ಲೆಡೆ ಅಭಿನಂದನೆಯ ಫಲಕಗಳು ನಿಂತವು. ಆ ಸ್ಥಾನದಿಂದ ಕಡಿಮೆ ವರಮಾನದ ಕುಟುಂಬಗಳಿಗೆ ದೊರೆತ ನೆರವುಗಳಲ್ಲಿ ಒಂದು ‘ಪಢೋ ಪರದೇಶ್’. ಹೊರದೇಶದ ಸ್ನಾತಕೋತ್ತರ ವ್ಯಾಸಂಗದ ಅವಧಿಯಲ್ಲಿ ಸಾಲದ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುತ್ತಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಯಿತು. ಆಗ ಯಾವ ಫಲಕವೂ ಎದ್ದಂತಿಲ್ಲ. ವೇದಿಕೆಯ ಮೇಲೆ ಮಂತ್ರಿಗಳಿಗೆ ಶಾಲು ಹೊದಿಸುವ ಮುಖಂಡರು ಆ ಯೋಜನೆಯ ಹೆಸರನ್ನಾದರೂ ಕೇಳಿದ್ದರೇ? ತಮ್ಮ ಮಕ್ಕಳಿಗೆ ಬೇಕಿಲ್ಲದ ಯೋಜನೆ ಸಮಾಜಕ್ಕೂ ಬೇಕಿಲ್ಲವೆಂದು ತಿಳಿಯುವುದು ಸಿರಿವಂತ ಮುಖಂಡತ್ವದ ಹಳೆಯ ರೋಗ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರು ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲಿಯೇ ಕಲಿಸಿದರು, 1949-50ರ ಹೊತ್ತಿಗೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಆಗ ಅವರಿಗೆ ನಲವತ್ತು ಸಮೀಪಿಸಿತ್ತು. ಮುಂಬಯಿ ಕನ್ನಡಿಗರು ಇಂದಿಗೂ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆಯಲ್ಲಿ ಪಾಲು ಕೇಳುವವರಲ್ಲಿ ‘ಇತರೆ’ ಚೌಕದ ವಿಶ್ವಸ್ಥರೂ ಇದ್ದಾರೆ.

ನಮೂನೆಯಿಂದ ಆ ಚೌಕವನ್ನು ತೆಗೆದು ‘ಚಿತ್ರ, ಶಿಲ್ಪ, ಸಂರಕ್ಷಣೆ’ ಎಂದು ಬರೆಯಲು ಮುದ್ರಣದ ಖರ್ಚು ಬಿಟ್ಟರೆ ಬೇರೇನೂ ಬೇಕಿಲ್ಲ. ಕೃತಿಗಳನ್ನು ನೋಡಿ ತೀರ್ಪು ಹೇಳಬಲ್ಲ ಒಬ್ಬ ಕಲಾವಿದರನ್ನು, ಜೈನರಲ್ಲದವರಾದರೂ ಸರಿ, ಆಯ್ಕೆ ಸಮಿತಿಗೆ ಕರೆಯಬೇಕು. ಸಭೆಯ ದಿನಾಂಕವನ್ನೂ ಬದಲಿಸಬೇಕು. ವಿದೇಶೀ ಕಲಾಶಾಲೆಗಳಲ್ಲಿ ಅನೇಕವು ಡಿಸೆಂಬರ್-ಜನವರಿಯ ಹೊತ್ತಿಗೆ ಅರ್ಜಿ ಮುಗಿಸಿ, ವಸಂತದಲ್ಲಿ ಫಲಿತಾಂಶ ತಿಳಿಸಿ, ಬೇಸಿಗೆಯೊಳಗೆ ಮುಂಗಡ ಶುಲ್ಕ ಕೇಳುತ್ತವೆ. ಮುಂಬಯಿಯ ಆ ನಿಧಿಯ ಆಯ್ಕೆ ಸಭೆ ಸೇರುವುದು ದಶಲಕ್ಷಣ ಪರ್ವ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಲಂಡನ್ನಿನಲ್ಲಿ ತರಗತಿಗಳು ಆರಂಭವಾಗಿರುತ್ತವೆ.